ರಿಪೋರ್ಟ್ ಎಲ್ಲ ನಾರ್ಮಲ್, ಆದರೆ ನಾನು ನಾರ್ಮಲ್ ಇಲ್ಲ

ಪ್ರಶ್ನೆ: ನನಗೆ 44 ವರ್ಷ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮನೆ, ಮುಂಬಯಿಯ ಫೋರ್ಟಿನಲ್ಲಿ ಅಕೌಂಟ್ಸ್ ಕೆಲಸ. ಯಜಮಾನರು ಕಂಡಕ್ಟಿಂಗ್ ಮೇಲೆ, ಅಂದರೆ ಬೇರೆಯವರದ್ದನ್ನು ಕರಾರಿಗೆ ಹಿಡಿದು, ಹೋಟೆಲ್ ನಡೆಸುತ್ತಿದ್ದರು, ಹೋದ ವರ್ಷ ಅದು ಕೈಬಿಟ್ಟು ಹೋಯಿತು. ಅಂದಿನಿಂದ ಮನೆಯಲ್ಲೇ ಇದ್ದಾರೆ. ಅತ್ತೆಗೆ ಮರೆವಿನ ಕಾಯಿಲೆ, ರಾತ್ರಿ ಮೂರು ನಾಲ್ಕು ಸಲ ಏಳುತ್ತಾರೆ, ನನ್ನನ್ನೇ ಕರೆಯುತ್ತಾರೆ. ಮಗನಿಗೆ ಹನ್ನೆರಡನೇ ಕ್ಲಾಸು. ಆರು ತಿಂಗಳಿಂದ ಎದೆ ಡವಡವ, ಹೊಟ್ಟೆಯುರಿ, ಕುತ್ತಿಗೆ ನೋವು. ಮೇಲಿಂದ ಮೇಲೆ ನೆಗಡಿ. ಕೂದಲು ಕೈಗೆ ಬರುತ್ತಿದೆ. ಕುಕ್ಕರ್ ತಾಗಿ ಕೈ ಸುಟ್ಟದ್ದು ಒಣಗಲು ತಿಂಗಳೇ ಹಿಡಿಯಿತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. ಬಿಪಿ ಮಾತ್ರ ಕ್ಲಿನಿಕ್ಕಿನಲ್ಲಿ 146/94 ಬಂತು, ಮೂರು ತಿಂಗಳ ಸಕ್ಕರೆ (HbA1c) 6.1. ಡಾಕ್ಟರು 'ಟೆನ್ಶನ್ ತಗೋಬೇಡಿ' ಅಂದರು. ಯಜಮಾನರು 'ಎಲ್ಲ ನಿನ್ನ ಮನಸ್ಸಿನದು' ಅನ್ನುತ್ತಾರೆ. ನನಗೆ ಐದು ನಿಮಿಷ ಸುಮ್ಮನೆ ಕೂರಲೂ ಆಗುವುದಿಲ್ಲ. ಟೆನ್ಶನ್‌ನಿಂದ ನಿಜವಾಗಿ ಕಾಯಿಲೆ ಬರುತ್ತದಾ, ಇಲ್ಲಾ ನಾನೇ ಕಲ್ಪಿಸಿಕೊಳ್ಳುತ್ತಿದ್ದೇನಾ?

ಉತ್ತರ: ಕಲ್ಪನೆ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ. ಲೋಕಲ್ ಗಾಡಿಯ ಲೇಡೀಸ್ ಡಬ್ಬದಲ್ಲಿ ಫೋರ್ತ್ ಸೀಟಾದರೂ, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರ ಜಾಗವಾದರೂ, ಸಿಕ್ಕಿದರೆ ಅಲ್ಲೇ ಓದಿ.

ಇನ್ನೊಂದು ಮಾತು. 'ರಿಪೋರ್ಟ್ ಎಲ್ಲ ನಾರ್ಮಲ್' ಅಂತ ಬರೆದು, ಅದರ ಪಕ್ಕದಲ್ಲೇ 146/94 ಅಂತಲೂ 6.1 ಅಂತಲೂ ಬರೆದಿದ್ದೀರಿ. ಇವೆರಡೂ ನಾರ್ಮಲ್ ಅಲ್ಲ. ಬಿಪಿ 140/90 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ, ಆದರೆ ಒಂದೇ ಸಲ ನೋಡಿ ತೀರ್ಮಾನ ಮಾಡುವುದಿಲ್ಲ. ಮೂರು ತಿಂಗಳ ಸಕ್ಕರೆ 5.7ಕ್ಕಿಂತ ಕೆಳಗಿರಬೇಕು, 6.5 ಮುಟ್ಟಿದರೆ ಡಯಾಬಿಟಿಸ್. ನೀವು ನಡುವೆ, ಹೊಸ್ತಿಲ ಮೇಲೆ ನಿಂತಿದ್ದೀರಿ. ಹೊಸ್ತಿಲಿನಿಂದ ವಾಪಸು ಬರಬಹುದು, ಹೆದರಬೇಡಿ. ಆದರೆ 'ಏನೂ ಇಲ್ಲ' ಅಂತ ಯಾರಾದರೂ ಹೇಳಿದರೆ ಒಪ್ಪಲೂ ಬೇಡಿ.

ಈಗ ಆ 'ಟೆನ್ಶನ್ ತಗೋಬೇಡಿ' ಎಂಬ ಮಾತು. ಮುಲುಂಡಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ನಾನೂ ಇದನ್ನೇ ಹೇಳುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ. ಒಮ್ಮೆ ಕುಂದಾಪುರ ಕಡೆಯವರೊಬ್ಬರು ಬಂದಿದ್ದರು. ಒಂದು ದೊಡ್ಡ ಹೋಟೆಲಿನಲ್ಲಿ ಕ್ಯಾಪ್ಟನ್. ಬಿಪಿ ಪಟ್ಟಿ ಕಟ್ಟುವಾಗಲೂ ಅವರ ಕಣ್ಣು ಬಾಗಿಲ ಮೇಲೆ. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ, ಹೋಟೆಲಿನ ಹುಡುಗನೊಬ್ಬ ಹೊರಗೆ ಕಾಯುತ್ತಿದ್ದ, ಸೇಟ್ ಕರೆದರೆ ಒಳಗೆ ಬಂದು ಹೇಳುವುದಕ್ಕೆ. ಮಾತ್ರೆ ಬರೆದು, 'ಟೆನ್ಶನ್ ತಗೋಬೇಡಿ ಮಾರಾಯ್ರೆ' ಅಂದೆ. ಅವರು ತೋಳು ಕೆಳಗಿಳಿಸುತ್ತಾ, 'ನಾನು ತಕ್ಕೊಳ್ಳುದಲ್ಲ ಡಾಕ್ಟ್ರೇ, ಅವ್ರು ಕೊಡುದು' ಅಂದರು.

ಅಷ್ಟೇ. ಅವರು ಹೋದರು, ನಾನು ಮುಂದಿನ ಪೇಶಂಟನ್ನು ಕರೆದೆ. ಆದರೆ ಆ ಮಾತು ನನ್ನ ಕೋಣೆಯಲ್ಲೇ ಉಳಿಯಿತು. ವೈದ್ಯಶಾಸ್ತ್ರದವರು ಉದ್ದುದ್ದ ಸಂಶೋಧನೆ ಮಾಡಿ ಕಂಡುಕೊಂಡದ್ದನ್ನು ಆ ಮನುಷ್ಯ ಒಂದೇ ಸಾಲಿನಲ್ಲಿ ಹೇಳಿದ್ದರು. ಅದು ಹೇಗೆ ಅಂತ ಸ್ವಲ್ಪ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಮೈಯೊಳಗೆ ಏನಾಗುತ್ತಿದೆ ಅಂತ ನೋಡೋಣ.

ಊರಲ್ಲಿ ಗದ್ದೆಯ ಅಂಚಿನಲ್ಲಿ ನಡೆಯುವಾಗ ಕಾಲ ಹತ್ತಿರ ನಾಗರಹಾವು ಹರಿದರೆ ಏನಾಗುತ್ತದೆ? ಯೋಚನೆ ಬರುವ ಮೊದಲೇ ನೀವು ಹಾರಿರುತ್ತೀರಿ. ಮೂತ್ರಪಿಂಡಗಳ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಸೆಕೆಂಡುಗಳಲ್ಲಿ ಅಡ್ರಿನಲಿನ್ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಓಡುವ ಕಾಲಿಗೆ ಬೇಕಲ್ಲ ಅಂತ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಕಚ್ಚಿಸಿಕೊಂಡರೆ, ಗಾಯವಾದರೆ ಇರಲಿ ಅಂತ ರಕ್ತ ಬೇಗ ಹೆಪ್ಪುಗಟ್ಟಲು ತಯಾರಾಗುತ್ತದೆ. ಹೊಟ್ಟೆಯ ಕೆಲಸ ನಿಲ್ಲುತ್ತದೆ, ಆ ಹೊತ್ತಿಗೆ ಯಾರಿಗೆ ಬೇಕು ಜೀರ್ಣ? ಇಪ್ಪತ್ತು ಮೂವತ್ತು ನಿಮಿಷದಲ್ಲಿ ಎರಡನೇ ಅಲೆಯಾಗಿ ಕಾರ್ಟಿಸಾಲ್ ಏರುತ್ತದೆ. ಸಕ್ಕರೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಾವು ಬಿಲಕ್ಕೆ ಹೋಯಿತು, ನೀವು ಮನೆಗೆ ಬಂದು ನೀರು ಕುಡಿದಿರಿ, ಒಂದು ಗಂಟೆಯಲ್ಲಿ ಎಲ್ಲ ಇಳಿಯಿತು. ಇದು ಕಾಯಿಲೆ ಅಲ್ಲ, ಪುಣ್ಯ. ಇದಿಲ್ಲದಿದ್ದರೆ ನಮ್ಮ ಅಜ್ಜ ಅಜ್ಜಿಯರು ಉಳಿಯುತ್ತಿರಲಿಲ್ಲ.

ಡೊಂಬಿವಲಿಯ ಪ್ಲಾಟ್‌ಫಾರಂ ಮೇಲೆ ಬೆಳಿಗ್ಗೆ ಎಂಟಕ್ಕೆ ಇದೇ ನಡೆಯುತ್ತದೆ. ಫಾಸ್ಟ್ ಗಾಡಿ ಬರುವ ಮೊದಲೇ ಸೆರಗು ಸಿಕ್ಕಿಸಿ, ಬ್ಯಾಗ್ ಮುಂದಕ್ಕೆ ಹಾಕಿಕೊಂಡು ನಿಲ್ಲುತ್ತೀರಲ್ಲ, ಆಗಲೇ ಅಡ್ರಿನಲಿನ್ ಏರಿಯಾಗಿದೆ. ಲಿವರ್ ಸಕ್ಕರೆ ಸುರಿದಾಗಿದೆ. ಆದರೆ ಓಡುವುದು ಎಲ್ಲಿಗೆ? ಮುಂಬಯಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೆ ಸುಮಾರು 48 ಕಿಲೋಮೀಟರ್ ಅಲ್ಲಾಡದೆ ನಿಂತಿರುತ್ತೀರಿ. ಕಾಲಿಗೆಂದು ಬಂದ ಸಕ್ಕರೆ ರಕ್ತದಲ್ಲೇ ಸುತ್ತುತ್ತದೆ. ಆಫೀಸಿನಲ್ಲಿ ಸಾಹೇಬರ ಮುಖ, ಮಧ್ಯಾಹ್ನ ಮನೆಯಿಂದ ಫೋನು, ಸಾಯಂಕಾಲ ಮತ್ತೆ ಗಾಡಿ, ರಾತ್ರಿ ಅತ್ತೆ. ಹಾವು ಬಿಲಕ್ಕೆ ಹೋಗುವುದೇ ಇಲ್ಲ.

ದಮ್ಮಿನವರಿಗೆ, ಸಂಧಿವಾತದವರಿಗೆ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರಲ್ಲ, ಕಾರ್ಟಿಸಾಲ್ ಅದರ ಹತ್ತಿರದ ನೆಂಟ. ತಿಂಗಳುಗಟ್ಟಲೆ ಆ ಮಾತ್ರೆ ತಿಂದವರನ್ನು ನೋಡಿದ್ದೀರಾ? ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಕೂರುತ್ತದೆ, ಗಾಯ ಬೇಗ ಮಾಯುವುದಿಲ್ಲ. ನಿಮ್ಮ ಮೈ ಅಷ್ಟು ಜೋರಾಗಿ ಅಲ್ಲದಿದ್ದರೂ ಅದೇ ದಿಕ್ಕಿನಲ್ಲಿ ಹೊರಟಿದೆ. ಅಮೆರಿಕದ ವಿಜ್ಞಾನಿ ಬ್ರೂಸ್ ಮೆಕ್ಯೂವೆನ್ 1990ರ ದಶಕದಲ್ಲಿ ಇದಕ್ಕೊಂದು ಹೆಸರಿಟ್ಟರು. ಹೆಸರು ಬೇಡ, ಅರ್ಥ ಸಾಕು: ಹೊಂದಿಕೊಂಡು ಹೊಂದಿಕೊಂಡು ಮೈ ಸವೆಯುವುದು.

ನಿಮ್ಮ ನೆಗಡಿಯ ವಿಷಯ. ಇದನ್ನು ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 394 ಜನ ಆರೋಗ್ಯವಂತರಿಗೆ, ಅವರ ಒಪ್ಪಿಗೆ ಪಡೆದು, ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿದರು. ಅದಕ್ಕೆ ಮೊದಲು ಪ್ರತಿಯೊಬ್ಬರ ಜೀವನದಲ್ಲಿ ಎಷ್ಟು ಟೆನ್ಶನ್ ಇದೆ ಅಂತ ಅಳೆದಿದ್ದರು. ಟೆನ್ಶನ್ ಕಡಿಮೆ ಇದ್ದವರಲ್ಲಿ ನೆಗಡಿ ಬಂದದ್ದು ನೂರಕ್ಕೆ ಸುಮಾರು 27 ಜನಕ್ಕೆ, ಬಹಳ ಇದ್ದವರಲ್ಲಿ ಸುಮಾರು 47 ಜನಕ್ಕೆ. 1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇದು. ಹನಿ ಎಲ್ಲರಿಗೂ ಒಂದೇ ಥರದ್ದು, ಮೂಗಿನ ಹಿಂದಿದ್ದ ಬದುಕು ಬೇರೆ ಬೇರೆ.

ಸುಟ್ಟ ಗಾಯದ ಬಗ್ಗೆ ನೀವು ಬರೆದ ಸಾಲು ಓದಿದಾಗ ನನಗೆ ಇನ್ನೊಂದು ಅಧ್ಯಯನ ನೆನಪಾಯಿತು. ಅದು ನಿಮಗಾಗಿಯೇ ಮಾಡಿದ ಹಾಗಿದೆ. ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಎಂಬ ಮನಃಶಾಸ್ತ್ರಜ್ಞೆ, ಮರೆವಿನ ಕಾಯಿಲೆಯ ನೆಂಟರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನು ಕರೆದರು. ಅದೇ ವಯಸ್ಸಿನ, ಅಂಥ ಹೊರೆ ಇಲ್ಲದ ಇನ್ನೂ 13 ಹೆಂಗಸರು. ಎಲ್ಲರ ತೋಳಿನ ಮೇಲೂ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ, ಹೆಚ್ಚುಕಡಿಮೆ ಒಂದು ಹೆಸರುಕಾಳಿನಷ್ಟು. ಮತ್ತೇನಿಲ್ಲ, ಅದು ಮಾಯುವವರೆಗೆ ಕಾದರು. ನೋಡಿಕೊಳ್ಳುವ ಹೆಂಗಸರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಜಾಸ್ತಿ ಬೇಕಾಯಿತು. 1995ರಲ್ಲಿ ಇದು ಪ್ರಕಟವಾಯಿತು. ಇಪ್ಪತ್ತಾರೇ ಜನ, ಸಣ್ಣ ಅಧ್ಯಯನ ಅನ್ನಬಹುದು. ಆದರೆ ಆಮೇಲೆ ಬೇರೆ ಬೇರೆ ಜನರಲ್ಲಿ, ಪರೀಕ್ಷೆಗೆ ಓದುವ ಹುಡುಗರಲ್ಲೂ, ಇಂಥದ್ದೇ ಕಂಡಿದೆ.

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ತೋಳಿನ ಗಾಯ ಕಲ್ಪನೆ ಮಾಡಿಕೊಳ್ಳುವುದಿಲ್ಲ.

ಇಲ್ಲಿ ನನ್ನದೂ ಒಂದು ಕಥೆ ಇದೆ. ಅಪ್ಪ ಹಾಸಿಗೆ ಹಿಡಿದ ವರ್ಷ ನಾನು ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನ ಅಪ್ಪ, ಸಾಯಂಕಾಲ ಕ್ಲಿನಿಕ್, ರಾತ್ರಿ ಅಪ್ಪ ಅಂತ ಓಡಾಡುತ್ತಿದ್ದೆ. ಒಂದು ದಿನ ಬೆನ್ನಿನ ಎಡಗಡೆ ಉರಿ. ಕೆಲಸದ ಹೆಂಗಸು ನೋಡಿ 'ನಾಗಿನ್ ಆಯಿತು' ಅಂದಳು. ಊರಿನ ಸರ್ಪಸುತ್ತು ಇಲ್ಲಿ ನಾಗಿನ್. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸಿನ ವೈರಸ್ ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿದ್ದು, ಮೈಯ ಕಾವಲು ಸಡಿಲವಾದಾಗ ಏಳುತ್ತದೆ. ನನಗೆ ಅದನ್ನು ತಂದದ್ದು ಟೆನ್ಶನ್ನೇ ಅಂತ ಸಾಬೀತು ಮಾಡಲಾರೆ. ಆದರೆ ಬೆನ್ನಲ್ಲಿ ಉರಿ ಇಟ್ಟುಕೊಂಡು ಪೇಶಂಟುಗಳಿಗೆ 'ಆರಾಮ ತಗೊಳ್ಳಿ' ಅಂತ ಹೇಳುತ್ತಾ ಕೂತದ್ದು ನೆನಪಾದರೆ ಈಗಲೂ ನಗು ಬರುತ್ತದೆ.

ಈಗ ಆ ಕ್ಯಾಪ್ಟನ್ ಮಾತಿಗೆ ಬರುತ್ತೇನೆ.

ಹಾರ್ಟ್ ಅಟ್ಯಾಕ್ ದೊಡ್ಡ ಸಾಹೇಬರ ಕಾಯಿಲೆ ಅಂತ ಜನ ನಂಬಿದ್ದರು. ಜವಾಬ್ದಾರಿ ಜಾಸ್ತಿ, ಅದಕ್ಕೆ ಟೆನ್ಶನ್ ಜಾಸ್ತಿ ಅಂತ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು, ವೈಟ್‌ಹಾಲ್ ಅಧ್ಯಯನ ಅಂತಲೇ ಹೆಸರು. ಎಲ್ಲರೂ ಆಫೀಸಿನವರೇ, ಯಾರೂ ಹೊಟ್ಟೆಗಿಲ್ಲದವರಲ್ಲ, ಎಲ್ಲರಿಗೂ ಒಂದೇ ಸರ್ಕಾರಿ ಆಸ್ಪತ್ರೆ. ಲೆಕ್ಕ ತೆಗೆದು ನೋಡಿದರೆ ತಲೆಕೆಳಗು. ಹೃದಯದ ಕಾಯಿಲೆಯಿಂದ ಸತ್ತವರು ಮೇಲಿನ ಕುರ್ಚಿಯವರಿಗಿಂತ ಕೆಳಗಿನ ಪ್ಯೂನುಗಳಲ್ಲಿ ಮೂರು ಪಟ್ಟಿಗೂ ಜಾಸ್ತಿ. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ಹಿಡಿದರೂ ಪೂರ್ತಿ ವ್ಯತ್ಯಾಸ ತುಂಬಲಿಲ್ಲ. 1985ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಎರಡನೇ ಅಧ್ಯಯನ ಶುರು ಮಾಡಿದರು. ಮೈಕೆಲ್ ಮಾರ್ಮಟ್ ಅದರ ಮುಂದಾಳು. ಈ ಸಲ ಹೆಂಗಸರೂ ಇದ್ದರು. ಆಗ ಒಂದು ಎಳೆ ಸಿಕ್ಕಿತು. ಕೆಲಸ ಎಷ್ಟು ಅನ್ನುವುದಕ್ಕಿಂತ, ಆ ಕೆಲಸದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಅನ್ನುವುದು ಹೃದಯಕ್ಕೆ ದೊಡ್ಡದು. ಯಾವಾಗ ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ನಿಲ್ಲಿಸಬೇಕು, ಇದರಲ್ಲಿ ಒಂದೂ ನಿಮ್ಮ ಕೈಯಲ್ಲಿಲ್ಲದಿದ್ದರೆ ಮೈ ಬೇಗ ಸವೆಯುತ್ತದೆ.

ಗಲ್ಲಾದಲ್ಲಿ ಕೂತ ಸೇಟಿಗೂ ಟೆನ್ಶನ್ ಇದೆ. ಆದರೆ ಬೇಕೆಂದಾಗ ಎದ್ದು ಹೋಗಿ ಚಹಾ ಕುಡಿಯಬಹುದು. ಕ್ಯಾಪ್ಟನ್ನಿಗೆ ಗಿರಾಕಿಯ ಬೈಗುಳವೂ ತನ್ನದು, ಅಡುಗೆಯವನ ತಪ್ಪೂ ತನ್ನದು, ಎದ್ದು ಹೋಗುವ ಹಾಗಿಲ್ಲ. ಅವರು ತಕ್ಕೊಳ್ಳುವುದಲ್ಲ, ಬೇರೆಯವರು ಕೊಡುವುದು. ಗೊತ್ತಾಯಿತಲ್ವಾ?

ನಿಮ್ಮ ದಿನವನ್ನು ಇದೇ ಕಣ್ಣಿನಿಂದ ನೋಡಿ. ಗಾಡಿಯ ಟೈಮು ನಿಮ್ಮದಲ್ಲ. ಆಫೀಸಿನ ಟೈಮು ನಿಮ್ಮದಲ್ಲ. ಮಗನ ಪರೀಕ್ಷೆ ಬೋರ್ಡಿನದು. ಅತ್ತೆ ಏಳುವುದು ಅವರ ಕೈಯಲ್ಲೂ ಇಲ್ಲ. ಇಡೀ ದಿನದಲ್ಲಿ ನೀವು ತೀರ್ಮಾನ ಮಾಡುವ ವಿಷಯ ಪಲ್ಯ ಯಾವುದು ಅನ್ನುವುದೊಂದೇ ಇರಬೇಕು. ಅದಕ್ಕೂ ಮಗ ಮುಖ ಸಿಂಡರಿಸುತ್ತಾನೆ.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ 52 ದೇಶಗಳ ಹಾರ್ಟ್ ಅಟ್ಯಾಕ್ ಆದವರನ್ನು ಕೇಳಿದ್ದರು, ನಮ್ಮ ದೇಶದವರೂ ಇದ್ದರು. ಮನೆಯಲ್ಲೋ ಕೆಲಸದಲ್ಲೋ ಸದಾ ಟೆನ್ಶನ್ ಇದ್ದವರಿಗೆ ಅಪಾಯ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಇತ್ತು. ಅದೇ ಅಧ್ಯಯನದಿಂದ ಗೊತ್ತಾದ ಇನ್ನೊಂದು: ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬರುವ ಸರಾಸರಿ ವಯಸ್ಸು 53, ಬೇರೆಯವರಿಗೆ ಸುಮಾರು 59. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. 44 ಅಂದರೆ ಇನ್ನೂ ಸಮಯ ಇದೆ ಅಂತ ಹೇಳುತ್ತಿದ್ದೇನೆ.

ಆದರೆ ನಿಲ್ಲಿ, ಎಲ್ಲವನ್ನೂ ಟೆನ್ಶನ್ ತಲೆಗೆ ಕಟ್ಟುವುದೂ ತಪ್ಪು. ಹೊಟ್ಟೆಯ ಹುಣ್ಣು ಟೆನ್ಶನ್‌ನಿಂದಲೇ ಅಂತ ಡಾಕ್ಟರುಗಳೂ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಅಂದರು. ಯಾರೂ ನಂಬದಿದ್ದಾಗ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಾಗಾಗಿ ನಿಮ್ಮ ಹೊಟ್ಟೆಯುರಿ ಆರು ವಾರದಲ್ಲಿ ಹೋಗದಿದ್ದರೆ, ಮಲ ಕಪ್ಪಾದರೆ, ತೂಕ ಇಳಿದರೆ ಹೊಟ್ಟೆಯ ಡಾಕ್ಟರನ್ನು ನೋಡಿ. ಟೆನ್ಶನ್ ಒಂದರಿಂದಲೇ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಟೆನ್ಶನ್ ಅಂತ ಹಚ್ಚುವ ಸಿಗರೇಟು, ಬಾಯಿಗೆ ಹಾಕುವ ಗುಟ್ಕಾ ಮಾತ್ರ ಖಂಡಿತ ತರುತ್ತವೆ.

ಕೂದಲು? ಮೈಗೆ ದೊಡ್ಡ ಏಟು ಬಿದ್ದ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದು ಗೊತ್ತಿರುವ ವಿಷಯ. ಬೇರಿಗೆ ಏನೂ ಆಗಿರುವುದಿಲ್ಲ, ವಾಪಸು ಬರುತ್ತದೆ. ಆದರೆ ಹಿಮೋಗ್ಲೋಬಿನ್, ಮೈಯಲ್ಲಿರುವ ಕಬ್ಬಿಣ ಒಮ್ಮೆ ನೋಡಿಸಿ. ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವ ಕಾಲವೂ ಹತ್ತಿರ ಬಂದಿರುತ್ತದೆ. ಎದೆ ಡವಡವ, ನಿದ್ದೆ ಇಲ್ಲದ್ದು, ಸಿಡುಕು ಅದರಿಂದಲೂ ಬರಬಹುದು. ನಿಮ್ಮ ಸ್ತ್ರೀರೋಗ ಡಾಕ್ಟರಿಗೆ ಇದನ್ನು ಹೇಳಿದ್ದೀರಾ?

ಒಂದು ವಿಷಯ ಮಾತ್ರ ಯಾವತ್ತೂ ಟೆನ್ಶನ್ ಅಂತಲೋ ಗ್ಯಾಸ್ ಅಂತಲೋ ತಳ್ಳಿಹಾಕಬೇಡಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ವಾಂತಿ ಬಂದಂತಾಗುವುದು. ಹೆಂಗಸರಲ್ಲಿ ಕೆಲವು ಸಲ ಎದೆನೋವು ಜೋರಾಗಿ ಇರುವುದೇ ಇಲ್ಲ. ಹೀಗಾದರೆ ಈನೋ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಹಿಂದಿನ ಇಸಿಜಿ ನಾರ್ಮಲ್ ಇತ್ತು ಅನ್ನುವುದು ಇವತ್ತಿಗೆ ಲೆಕ್ಕಕ್ಕಿಲ್ಲ.

ಸರಿ, ಈಗೇನು ಮಾಡುವುದು? ಪ್ರಾಣಾಯಾಮ, ಧ್ಯಾನ, ಪಾಸಿಟಿವ್ ಥಿಂಕಿಂಗ್ ಅಂತ ನಾನು ಶುರು ಮಾಡುತ್ತೇನೆ ಅಂದುಕೊಂಡಿರುತ್ತೀರಿ. ಮಾಡುವುದಿಲ್ಲ. ಹೊರೆ ತಲೆಯ ಮೇಲೆ ಹಾಗೇ ಇಟ್ಟು, ಕೆಳಗೆ ನಗುತ್ತಾ ನಿಲ್ಲಿ ಅಂದ ಹಾಗಾಗುತ್ತದೆ ಅದು. ಮೊದಲು ಹೊರೆ ಹಂಚಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ರಾತ್ರಿ.

ನಮ್ಮ ಲೋಕಲ್ ನಡುರಾತ್ರಿ ಎರಡು ಮೂರು ಗಂಟೆ ನಿಲ್ಲುತ್ತದೆ. ಆಗಲೇ ಹಳಿ ರಿಪೇರಿ. ಅದೂ ಸಾಲದೆ ಭಾನುವಾರ ಮೆಗಾಬ್ಲಾಕ್. ಬೈದುಕೊಂಡರೂ ನಾವು ಒಪ್ಪುತ್ತೇವೆ, ರಿಪೇರಿ ಇಲ್ಲದೆ ಗಾಡಿ ಓಡುವುದಿಲ್ಲ ಅಂತ ಗೊತ್ತು. ಮೈಗೂ ಹಾಗೆಯೇ. ಒಳ್ಳೆಯ ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಹತ್ತು ಪರ್ಸೆಂಟಾದರೂ ಇಳಿಯಬೇಕು, ರಕ್ತನಾಳಗಳಿಗೆ ಅದೇ ವಿಶ್ರಾಂತಿ. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತಳಕ್ಕೆ ಹೋಗಿ, ಬೆಳಿಗ್ಗೆ ಎದ್ದ ಮೇಲೆ ಮೇಲಕ್ಕೆ ಬರಬೇಕು. ರಾತ್ರಿ ಮೂರು ನಾಲ್ಕು ಸಲ ಎದ್ದರೆ ಇದೆಲ್ಲ ಕಲಸಿಹೋಗುತ್ತದೆ. ಕೆಲವೇ ರಾತ್ರಿ ನಿದ್ದೆ ಕಡಿಮೆಯಾದರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮರುದಿನ ಸಿಹಿ, ಕರಿದದ್ದು ಬೇಕೆನಿಸುತ್ತದೆ. ನಿಮ್ಮ 6.1ರಲ್ಲಿ ರಾತ್ರಿಯ ಪಾಲು ಇದ್ದೇ ಇದೆ.

ಹಾಗಾಗಿ ಯಜಮಾನರ ಜೊತೆ ಮಾತಾಡಬೇಕು. ಜಗಳದ ಮಾತಲ್ಲ, ಹೋಟೆಲಿನ ಮಾತು. ಒಬ್ಬನೇ ಹುಡುಗನಿಗೆ ಬೆಳಗಿನ ಪಾಳಿ, ರಾತ್ರಿಯ ಪಾಳಿ ಎರಡೂ ಹಾಕಿದರೆ ಹದಿನೈದು ದಿನದಲ್ಲಿ ಚೀಲ ಹಿಡಿದು ಊರಿನ ಬಸ್ ಹತ್ತುತ್ತಾನೆ. ಇದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಮಗೆ ಈಗ ಎರಡೂ ಪಾಳಿ ಇದೆ, ಹೋಗಲು ಬಸ್ ಇಲ್ಲ, ಅಷ್ಟೇ ವ್ಯತ್ಯಾಸ. ವಾರದಲ್ಲಿ ಐದು ರಾತ್ರಿ ಅತ್ತೆ ಅವರ ಪಾಲಿಗೆ. ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಅತ್ತೆ ನಿಮ್ಮನ್ನೇ ಕರೆಯುತ್ತಾರೆ ಅಂದಿರಿ. ಮೊದಲ ವಾರ ಕರೆಯುತ್ತಾರೆ, ಅವರ ಮಗ, ಅಂದರೆ ನಿಮ್ಮ ಯಜಮಾನರು, ಬಂದು ಕೂತರೆ ನಿಧಾನಕ್ಕೆ ಅದೇ ರೂಢಿಯಾಗುತ್ತದೆ. ಊರಲ್ಲೋ ಬೆಂಗಳೂರಲ್ಲೋ ಮೈದುನ, ನಾದಿನಿ ಇದ್ದರೆ ಅವರಿಂದ ದುಡ್ಡು ಕೇಳಿ, ಸಂಕೋಚ ಬೇಡ. ಹಗಲಿಗೆ ಕೆಲಸದವರನ್ನು ಕಳಿಸುವ ಬ್ಯೂರೋದಿಂದ ಒಬ್ಬ ಹೆಂಗಸನ್ನು ಇಡಲು ಆ ದುಡ್ಡು.

ಅತ್ತೆ ರಾತ್ರಿ ಕಡಿಮೆ ಏಳುವ ಹಾಗೆಯೂ ಮಾಡಬಹುದು. ಬೆಳಿಗ್ಗೆ ಬಿಸಿಲಿಗೆ ಅರ್ಧ ಗಂಟೆ ಕೂರಿಸಬೇಕು, ಬಿಲ್ಡಿಂಗಿನ ಕೆಳಗೆ ಸ್ವಲ್ಪ ನಡೆಸಬೇಕು. ಮಧ್ಯಾಹ್ನ ಎರಡು ಗಂಟೆ ಮಲಗಲು ಬಿಡಬಾರದು. ಸಾಯಂಕಾಲದ ಮೇಲೆ ಚಹಾ ಬೇಡ. ಬಾತ್‌ರೂಮಿನಲ್ಲಿ ಸಣ್ಣ ದೀಪ ಉರಿಯಲಿ. 'ನಮ್ಮ ಮನೆಗೆ ಹೋಗಬೇಕು' ಅಂತ ಹಟ ಹಿಡಿದರೆ 'ಇದೇ ನಿಮ್ಮ ಮನೆ' ಅಂತ ವಾದ ಮಾಡಬೇಡಿ, 'ಬೆಳಗಾಗಲಿ ಹೋಗೋಣ' ಅನ್ನಿ. ಇದ್ದಕ್ಕಿದ್ದ ಹಾಗೆ ಎರಡು ಮೂರು ದಿನದಲ್ಲಿ ಗೊಂದಲ ಜಾಸ್ತಿಯಾದರೆ ಮೂತ್ರ ಪರೀಕ್ಷೆ ಮಾಡಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಎಷ್ಟೋ ಸಲ ಹಾಗೆಯೇ ತೋರಿಸಿಕೊಳ್ಳುತ್ತದೆ, ಕೆಲವು ಸಲ ಜ್ವರವೂ ಇರುವುದಿಲ್ಲ.

ಯಜಮಾನರ ಬಗ್ಗೆ ಸಿಟ್ಟು ಬೇಡ. ಬೆಳಿಗ್ಗೆ ಐದಕ್ಕೆ ಹಾಲಿನ ಲೆಕ್ಕದಿಂದ ರಾತ್ರಿ ಗಲ್ಲಾ ಮುಚ್ಚುವವರೆಗೆ ಹತ್ತು ಜನ ಅವರ ಮಾತು ಕೇಳುತ್ತಿದ್ದರು. ಈಗ ಟೀವಿ ರಿಮೋಟ್ ಕೂಡ ಮಗನ ಕೈಯಲ್ಲಿ. 'ಎಲ್ಲ ಮನಸ್ಸಿನದು' ಅನ್ನುವ ಮಾತನ್ನು ಅವರು ನಿಮಗೆ ಹೇಳುತ್ತಿದ್ದಾರೋ, ತಮಗೇ ಹೇಳಿಕೊಳ್ಳುತ್ತಿದ್ದಾರೋ? ಅವರ ಬಿಪಿ ಕೊನೆಯ ಸಲ ಯಾವಾಗ ನೋಡಿಸಿದ್ದು? ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರೂ ಹೋಗಿ.

ಹೊರೆ ಸ್ವಲ್ಪ ಇಳಿದ ಮೇಲೆ ಸಣ್ಣಪುಟ್ಟದ್ದು ಕೆಲಸ ಮಾಡುತ್ತದೆ. ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹಾವಿನ ಕಥೆ ನೆನಪಿದೆಯಲ್ಲ, ಆ ಸಕ್ಕರೆ ಬಂದದ್ದೇ ಕಾಲಿಗೆ. ಸ್ಟೇಷನ್ನಿನಿಂದ ಆಫೀಸಿಗೆ ಶೇರ್ ಟ್ಯಾಕ್ಸಿ ಬಿಟ್ಟು ನಡೆಯಿರಿ. ಸಾಯಂಕಾಲ ನಾಲ್ಕರ ನಂತರ ಕಟಿಂಗ್ ಚಹಾ ಬೇಡ, ಚಹಾದ ಕೆಫೀನ್ ಅರ್ಧ ಇಳಿಯಲು ಐದು ಗಂಟೆ ಬೇಕು. ಉಸಿರಾಟಕ್ಕೂ ಜಾಗ ಇದೆ: ನಾಲ್ಕು ಎಣಿಸುವವರೆಗೆ ಎಳೆದುಕೊಂಡು ಆರು ಎಣಿಸುವವರೆಗೆ ಬಿಟ್ಟರೆ ಎದೆಯ ಡವಡವ ಐದು ನಿಮಿಷದಲ್ಲಿ ತಗ್ಗುತ್ತದೆ. ಠಾಣೆ ಬರುವ ಮೊದಲೇ ಮಾಡಿ, ಆಮೇಲೆ ಡಬ್ಬದಲ್ಲಿ ಉಸಿರು ಎಳೆದುಕೊಳ್ಳಲು ಜಾಗ ಎಲ್ಲಿ!

ಪಕ್ಕದ ಮನೆಯವರ ನಿದ್ದೆ ಮಾತ್ರೆ ಮಾತ್ರ ಇಸಿದುಕೊಳ್ಳಬೇಡಿ. ಆಲ್‌ಪ್ರಾಜೋಲಾಂ ಥರದವು ಕೆಲವೇ ವಾರದಲ್ಲಿ ಚಟ ಹಿಡಿಸುತ್ತವೆ. 'ಕಾರ್ಟಿಸಾಲ್ ಇಳಿಸುವ ಪುಡಿ' ಅಂತ ಮೊಬೈಲಿನಲ್ಲಿ ಬರುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ.

ನೀವು ಬರೆಯದೇ ಬಿಟ್ಟ ಒಂದು ವಿಷಯ ಕೇಳುತ್ತೇನೆ. ನಿಮಗೆ ಯಾರಿದ್ದಾರೆ? 2010ರಲ್ಲಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಜೊತೆಗಾರರು 148 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ಜನರ ಜೊತೆ ಗಟ್ಟಿ ನಂಟು ಇದ್ದವರು ಬದುಕಿ ಉಳಿಯುವ ಸಾಧ್ಯತೆ ಒಂದೂವರೆ ಪಟ್ಟು ಕಂಡಿತು. ಮುಂಬಯಿಯಲ್ಲಿ ಇದಕ್ಕೆ ಬರಗಾಲ ಇಲ್ಲ. ಒಂದೇ ಗಾಡಿ, ಒಂದೇ ಡಬ್ಬ, ಹದಿನೈದು ವರ್ಷದಿಂದ ಅದೇ ಮುಖಗಳು. ಬಟಾಣಿ ಸುಲಿಯುತ್ತಾ ಸೊಸೆಯ ಕಥೆ, ಅರಿಶಿನ ಕುಂಕುಮ, ಹುಟ್ಟುಹಬ್ಬದ ಕೇಕು ಎಲ್ಲ ಅಲ್ಲೇ. ನೀವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಲ್ಲುವವರಾದರೆ ನಾಳೆಯಿಂದ ತೆಗೆದಿಡಿ. ಸಂಘದ ಭಜನೆಗೆ, ಯಕ್ಷಗಾನಕ್ಕೆ ಹೋಗುವುದನ್ನು ಅತ್ತೆಯ ಕಾಯಿಲೆಯಿಂದ ಬಿಟ್ಟಿದ್ದರೆ ತಿಂಗಳಿಗೆ ಒಂದಾದರೂ ಮತ್ತೆ ಹಿಡಿಯಿರಿ. ಅದು ಮಜಾ ಅಲ್ಲ, ಚಿಕಿತ್ಸೆಯ ಭಾಗ ಅಂತ ನಾನು ಹೇಳಿದೆ ಅನ್ನಿ.

ಎರಡು ವಾರಕ್ಕೂ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಬದುಕೇ ಸಾಕು ಅನಿಸುತ್ತದೆ ಅಂತಿದ್ದರೆ ಅದು ಬರೀ ಟೆನ್ಶನ್ ಅಲ್ಲ, ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸರ್ಕಾರದ ಟೆಲಿ-ಮಾನಸ್ ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮರಾಠಿ ಹಿಂದಿಯಲ್ಲಿ ಮನಸ್ಸಿನ ನೋವು ಹೇಳಿಕೊಳ್ಳಲು ಬರುವುದಿಲ್ಲ ಅನ್ನುವವರನ್ನು ಬಹಳ ನೋಡಿದ್ದೇನೆ, ಅದಕ್ಕೇ ಹೇಳಿದೆ. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಅಲ್ಲಿ ಸಾಲಿನಲ್ಲಿ ಕೂತವರು ನಿಮ್ಮ ನಮ್ಮ ಹಾಗೆಯೇ ಇರುತ್ತಾರೆ.

ಕೊನೆಗೆ ಬಿಪಿ. ಅಂದ ಹಾಗೆ, ಹೈಪರ್‌ಟೆನ್ಶನ್ ಅಂದರೆ 'ಟೆನ್ಶನ್ ಜಾಸ್ತಿ' ಅಂತಲ್ಲ. ರಕ್ತನಾಳದೊಳಗಿನ ಒತ್ತಡ ಅಷ್ಟೇ, ಮನಸ್ಸು ತಣ್ಣಗಿದ್ದವರಿಗೂ ಬರುತ್ತದೆ. ಕ್ಲಿನಿಕ್ಕಿನಲ್ಲಿ ಡಾಕ್ಟರನ್ನು ಕಂಡರೇ ಏರುವವರೂ ಇದ್ದಾರೆ. ಅದಕ್ಕೆ ಮನೆಯಲ್ಲಿ ನೋಡಬೇಕು. ತೋಳಿಗೆ ಕಟ್ಟುವ ಮೆಷಿನ್ ತನ್ನಿ, ಮಣಿಕಟ್ಟಿನದು ಬೇಡ. ಏಳು ದಿನ, ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ, ಅಕೌಂಟ್ಸಿನವರಿಗೆ ಇದನ್ನೇನು ಹೇಳಿಕೊಡುವುದು. ಮನೆಯಲ್ಲಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿಪಿ ಇದೆ ಅಂತ. ಆಗ ಮಾತ್ರೆ ಬೇಕೋ ಬೇಡವೋ ನಿಮ್ಮ ಡಾಕ್ಟರು ನೋಡುತ್ತಾರೆ. ಬೇಕು ಅಂದರೆ ನಾಚಿಕೆ ಇಲ್ಲದೆ ತಗೊಳ್ಳಿ.

ನೋಡುವ ಕ್ರಮ ಹೀಗೆ. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಪಟ್ಟಿ ಕಟ್ಟುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಮಾತಿಲ್ಲ, ಮೊಬೈಲಿಲ್ಲ. ಈ ಐದು ನಿಮಿಷ ಇಲ್ಲದಿದ್ದರೆ ಮೆಷಿನ್ ತೋರಿಸುವ ನಂಬರಿಗೆ ಬೆಲೆ ಇಲ್ಲ. ಐದು ನಿಮಿಷ ಕೂರಲು ಆಗುವುದಿಲ್ಲ ಅಂತ ಬರೆದಿದ್ದೀರಿ, ಓದಿದ್ದೇನೆ. ಅತ್ತೆ ಕರೆದರೆ ಯಜಮಾನರು ಏಳಲಿ. ಕುಕ್ಕರ್ ಕೂಗಿದರೆ ಮಗ ಏಳಲಿ. ನೀವು ಏಳಬೇಡಿ.